ಅದಿರಿನ ಬೆಲೆಯಲ್ಲಿ ಸಂಡೂರಿನ ಕಾಡಿನ ಲೆಕ್ಕವೂ ಸೇರಲಿ

ಮಾನ್ಯ ಸಂಪಾದಕರೇ,

ಸಂಡೂರು ತಾಲ್ಲೂಕಿನ ದೇವದಾರಿ ಬೆಟ್ಟಸಾಲಿನಲ್ಲಿ 401 ಹೆಕ್ಟೇರಿಗೂ ಹೆಚ್ಚು ಅರಣ್ಯವನ್ನು ಕಬ್ಬಿಣದ ಅದಿರಿಗಾಗಿ ಬಿಟ್ಟುಕೊಡುವ ವಿಷಯ, 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವರು ಕಡತಕ್ಕೆ ಸಹಿ ಹಾಕಿದ ಮೇಲೆ ರಾಜ್ಯದ ಗಮನ ಸೆಳೆಯಿತು. ಅಲ್ಲಿ ಕಡಿಯಬೇಕಾದ ಮರಗಳ ಸಂಖ್ಯೆ 99 ಸಾವಿರವನ್ನು ಮೀರುತ್ತದೆ. ಅರಣ್ಯ ಭೂಮಿಯನ್ನು ಹಸ್ತಾಂತರಿಸಬಾರದೆಂದು ರಾಜ್ಯದ ಅರಣ್ಯ ಸಚಿವರು ಸೂಚಿಸಿದರು; ಚರ್ಚೆ ಕೇಂದ್ರ ಮತ್ತು ರಾಜ್ಯಗಳ ನಡುವಿನ ಜಗಳವಾಗಿ ಬದಲಾಯಿತು. ಈ ಅದಿರು ಯಾವ ಮಾರುಕಟ್ಟೆಗಾಗಿ ಹೊರಬರುತ್ತದೆ, ಕೊಳ್ಳುವವರು ತೆರುವ ಬೆಲೆಯಲ್ಲಿ ಬೆಟ್ಟದ ಪಾಲು ಎಷ್ಟು ಎಂಬ ಪ್ರಶ್ನೆ ಮಾತ್ರ ಬದಿಗೆ ಸರಿಯಿತು.

ಸಂಡೂರಿನವರಿಗೆ ಈ ಪ್ರಶ್ನೆ ಹೊಸದಲ್ಲ. 2000ರಲ್ಲಿ ಸುಮಾರು 13 ಕೋಟಿ ಟನ್ ಉಕ್ಕು ತಯಾರಿಸುತ್ತಿದ್ದ ಚೀನಾ 2010ರ ಹೊತ್ತಿಗೆ 60 ಕೋಟಿ ಟನ್ನನ್ನು ದಾಟಿತ್ತು. ಆ ಅವಧಿಯಲ್ಲಿ ನಮ್ಮ ಕಾರ್ಖಾನೆಗಳು ಬಳಸದೆ ಬಿಟ್ಟಿದ್ದ, ಗಣಿಯ ಅಂಚಿನಲ್ಲಿ ರಾಶಿ ಬಿದ್ದಿದ್ದ ಪುಡಿ ಅದಿರಿಗೂ ಚೀನಾದಲ್ಲಿ ಗಿರಾಕಿ ಹುಟ್ಟಿತು. ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ 2009ರ ಪರಿಷ್ಕರಣೆಯವರೆಗೂ ಟನ್ನಿಗೆ 27 ರೂಪಾಯಿಯನ್ನು ಮೀರಿರಲಿಲ್ಲ. ಅದೇ ಟನ್ನು ಬಂದರಿನಲ್ಲಿ ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿತ್ತು. ಮುಂದೆ ನಡೆದುದಕ್ಕೆಲ್ಲ ಈ ಅಂತರವೇ ಮೂಲವೆಂದು ನಾನು ನಂಬಿದ್ದೇನೆ. ಜೋಳ, ಶೇಂಗಾ ಬೆಳೆಯುತ್ತಿದ್ದ ಪಟ್ಟಾ ಜಮೀನುಗಳನ್ನೂ ಅಗೆದರು. ಹೊಸಪೇಟೆಯಿಂದ ಅರಬೈಲ್ ಘಟ್ಟ ಇಳಿದು ಬೇಲೆಕೇರಿ ಬಂದರಿನವರೆಗೆ ಲಾರಿಗಳ ಸಾಲು ನಿಂತಿತು, ದಾರಿಯುದ್ದಕ್ಕೂ ಮನೆ, ಮರ, ಬೆಳೆಗಳ ಮೇಲೆ ಕೆಂಧೂಳು ಕೂತಿತು. 2006ರಿಂದ 2010ರ ನಡುವೆ ಅಕ್ರಮವಾಗಿ ರಫ್ತಾದ ಅದಿರು 2.98 ಕೋಟಿ ಟನ್ ಎಂದು ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ 2011ರ ಜುಲೈನಲ್ಲಿ ಹೇಳಿತು. ಅದರ ಬೆನ್ನಿಗೇ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ, ಮುಂದಿನ ತಿಂಗಳು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು.

ಆ ಕಾಲವನ್ನು ನೆನೆಯುವವರು ಇಂದಿಗೂ ಅದನ್ನು ಭ್ರಷ್ಟಾಚಾರದ ಕಥೆಯಾಗಿಯೇ ಹೇಳುತ್ತಾರೆ. ಭ್ರಷ್ಟಾಚಾರ ನಡೆದದ್ದು ನಿಜ, ತಪ್ಪಿತಸ್ಥರಿಗೆ ಶಿಕ್ಷೆಯಾಗಲೇಬೇಕು. ಆದರೆ ಪರವಾನಗಿ ಪಡೆದು, ರಾಜಧನ ಕಟ್ಟಿ, ತೂಕದಲ್ಲಿ ಮೋಸ ಮಾಡದೆ ಸಾಗಿಸಿದ ಅದಿರೂ ಅದೇ ಬೆಟ್ಟಗಳಿಂದಲೇ ಬಂದದ್ದು. ಅದರ ಹಿಂದೆಯೂ ಕಾಡು ಹೋಗಿದೆ, ಹಳ್ಳಗಳಲ್ಲಿ ಹೂಳು ತುಂಬಿದೆ. ಕಾನೂನುಬದ್ಧ ವ್ಯಾಪಾರದ ಬೆಲೆಯಲ್ಲೂ ಈ ನಷ್ಟ ಪೂರ್ತಿಯಾಗಿ ಸೇರುವುದಿಲ್ಲ. ಅರಣ್ಯದ ನಿವ್ವಳ ಮೌಲ್ಯವೆಂದು ಒಂದಿಷ್ಟು ಹಣ ಕಟ್ಟಿಸಿಕೊಳ್ಳುತ್ತಾರೆ, ಪರಿಹಾರವಾಗಿ ಬೇರೆಡೆ ಸಸಿ ನೆಡಿಸುತ್ತಾರೆ, ಇದನ್ನು ನಾನು ಬಲ್ಲೆ. ಆದರೆ ಬೇರೆ ಯಾವುದೋ ಊರಿನಲ್ಲಿ ನೆಟ್ಟ ಗಿಡ, ಸಂಡೂರಿನ ಮಳೆನೀರನ್ನು ಹಿಡಿದಿಟ್ಟು ನಾರಿಹಳ್ಳಕ್ಕೆ ಹರಿಸಲಾರದು.

ಮಲೆನಾಡೂ ಇದನ್ನು ಕಂಡಿದೆ. 1970ರ ದಶಕದಲ್ಲಿ ಇರಾನಿನ ಉಕ್ಕಿನ ಯೋಜನೆಗಳಿಗಾಗಿ ಕುದುರೆಮುಖದ ಗಣಿಯನ್ನು ಕಟ್ಟಲಾಯಿತು. 1979ರಲ್ಲಿ ಅಲ್ಲಿಯ ದೊರೆ ಪದಚ್ಯುತನಾದಾಗ ನೆಚ್ಚಿಕೊಂಡ ಗಿರಾಕಿ ಕೈತಪ್ಪಿದ. ಆದರೂ ಗಣಿ ನಿಲ್ಲಲಿಲ್ಲ, ಬೇರೆ ದೇಶಗಳನ್ನು ಹುಡುಕಿಕೊಂಡಿತು. ಭದ್ರೆಯ ಉಗಮದ ನೆಲದಲ್ಲಿ ಅಗೆತವನ್ನು ಕೊನೆಗೆ ತಡೆದದ್ದು 2002ರ ಸುಪ್ರೀಂ ಕೋರ್ಟ್ ತೀರ್ಪು. 2005ರ ಕೊನೆಗೆ ಗಣಿ ಮುಚ್ಚಿತು. ಇಂದು ದೇವದಾರಿಯನ್ನು ಕೇಳುತ್ತಿರುವುದೂ ಕುದುರೆಮುಖದ ಗಣಿ ನಡೆಸಿದ ಅದೇ ಸಾರ್ವಜನಿಕ ಸಂಸ್ಥೆ, ಕೆಐಒಸಿಎಲ್. ಮಂಗಳೂರಿನಲ್ಲಿರುವ, ಪುಡಿ ಅದಿರನ್ನು ಉಂಡೆಗಟ್ಟುವ ಅದರ ಪೆಲೆಟ್ ಘಟಕ ಬಹುಪಾಲು ರಫ್ತನ್ನೇ ನೆಚ್ಚಿಕೊಂಡು ಬಂದದ್ದು ಎಂಬುದನ್ನು ಓದುಗರು ಗಮನಿಸಬೇಕು.

ಕೊಳ್ಳುವ ದೇಶಗಳು ಈಗ ಪರಿಸರದ ಬಗ್ಗೆ ಎಚ್ಚೆತ್ತಿವೆ ಎಂಬ ಮಾತು ಕೇಳಿಬರುತ್ತಿದೆ. ಐರೋಪ್ಯ ಒಕ್ಕೂಟ ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ ಮುಂತಾದ ಸರಕುಗಳ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲಕ್ಕೆ ಗಡಿಯಲ್ಲೇ ಸುಂಕ ವಿಧಿಸುವ ವ್ಯವಸ್ಥೆ ತಂದಿದೆ. 2023ರ ಅಕ್ಟೋಬರ್‌ನಿಂದ ಲೆಕ್ಕ ಒಪ್ಪಿಸುವ ಹಂತ ನಡೆದು, 2026ರ ಜನವರಿಯಿಂದ ಅದರ ಹೊರೆ ನಿಜವಾಗಿ ಬೀಳುವ ಹಂತ ನಿಗದಿಯಾಗಿದೆ. ಇದರ ಉದ್ದೇಶ ಒಳ್ಳೆಯದೇ. ಆದರೆ ಅದು ಅಳೆಯುವುದು ಕಾರ್ಖಾನೆಯ ಕುಲುಮೆಯಿಂದ, ಅದು ಬಳಸುವ ಇಂಧನದಿಂದ ಬರುವ ಇಂಗಾಲವನ್ನು ಮಾತ್ರ. ಅದಿರು ತೆಗೆಯಲು ಬಿದ್ದ ಮರ, ಬತ್ತಿದ ಒರತೆ, ಕೆಂಧೂಳಿನಲ್ಲಿ ಉಸಿರಾಡಿದ ಹಳ್ಳಿ ಆ ಲೆಕ್ಕಕ್ಕೆ ಬರುವುದಿಲ್ಲ. ಸಂಗ್ರಹವಾದ ಹಣವೂ ಅವರ ಬೊಕ್ಕಸಕ್ಕೆ ಸೇರುತ್ತದೆಯೇ ಹೊರತು ಸಂಡೂರಿಗೆ ಹಿಂತಿರುಗುವುದಿಲ್ಲ. ಆದ್ದರಿಂದ ಕೊಳ್ಳುವವರ ಆತ್ಮಸಾಕ್ಷಿಯನ್ನು ನಂಬಿ ಕೂರುವಂತಿಲ್ಲ; ಲೆಕ್ಕವನ್ನು ನಾವೇ ಇಡಬೇಕು.

ನಾನು ಗಣಿಗಾರಿಕೆ ಪೂರ್ಣ ನಿಲ್ಲಬೇಕೆಂದು ಕೇಳುತ್ತಿಲ್ಲ. ತೋರಣಗಲ್ಲಿನ ಉಕ್ಕಿನಿಂದ ಸಾವಿರಾರು ಮನೆಗಳು ನಡೆಯುತ್ತಿವೆ. 2011ರ ನಿಷೇಧದ ದಿನಗಳಲ್ಲಿ ಸಾಲ ಮಾಡಿ ಲಾರಿ ಕೊಂಡವರೂ ಗಣಿಯ ದಿನಗೂಲಿಗಳೂ ಪಟ್ಟ ಪಾಡನ್ನು ಈ ತಾಲ್ಲೂಕಿನವರು ಮರೆತಿಲ್ಲ. ಹೊರದೇಶದ ಬೆಲೆ ಏರಿದಾಗ ಹುಚ್ಚೆದ್ದು ಅಗೆಯುವುದು, ಇಳಿದಾಗಲೋ ನ್ಯಾಯಾಲಯ ತಡೆದಾಗಲೋ ಒಮ್ಮೆಲೇ ನಿಲ್ಲುವುದು, ಈ ಏರಿಳಿತದಲ್ಲಿ ಮೊದಲು ಬೀಳುವವರು ಅವರೇ. ಅದಕ್ಕೇ ಅದಿರು ತೆಗೆಯುವ ಪ್ರಮಾಣಕ್ಕೆ ನ್ಯಾಯಾಲಯ ಅಂದು ವಿಧಿಸಿದ ವಾರ್ಷಿಕ ಮಿತಿಯನ್ನು ನಾನು ಕಾರ್ಮಿಕರ ಪರವಾದ ಕ್ರಮವೆಂದೂ ತಿಳಿಯುತ್ತೇನೆ. 2022ರಲ್ಲಿ ನ್ಯಾಯಾಲಯದ ಕಟ್ಟುಪಾಡುಗಳು ಸಡಿಲವಾದವು: ಮೇ ತಿಂಗಳಲ್ಲಿ ಕರ್ನಾಟಕದ ಅದಿರಿನ ರಫ್ತಿಗೆ ಒಪ್ಪಿಗೆ ಸಿಕ್ಕಿತು, ಆಗಸ್ಟ್‌ನಲ್ಲಿ ಬಳ್ಳಾರಿಯ ಮಿತಿ 2.8 ಕೋಟಿ ಟನ್ನಿನಿಂದ 3.5 ಕೋಟಿ ಟನ್ನಿಗೆ ಏರಿತು. ಅದೇ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಶೇ 50ರಷ್ಟು ರಫ್ತು ಸುಂಕ ಹೇರಿದ್ದು ನಿಜವಾದರೂ, ಅದು ದೇಶದೊಳಗಿನ ಬೆಲೆ ಇಳಿಸಲು ಕೈಗೊಂಡ ಕ್ರಮವಾಗಿತ್ತು. ನವೆಂಬರ್‌ನಲ್ಲಿ ಅದನ್ನು ಹಿಂತೆಗೆದರು. 2030ರ ವೇಳೆಗೆ ದೇಶದ ಉಕ್ಕು ತಯಾರಿಕಾ ಸಾಮರ್ಥ್ಯ 30 ಕೋಟಿ ಟನ್ ಮುಟ್ಟಬೇಕೆಂಬ ಗುರಿ ಇರುವಾಗ ಮಿತಿಯನ್ನು ಇನ್ನಷ್ಟು ಏರಿಸುವ ಒತ್ತಡ ಬರದೆ ಇರದು.

ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದೇ ಗಣಿಗಾರರಿಂದ ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿ ಇದೆ, ಅದಕ್ಕಾಗಿಯೇ 2014ರಲ್ಲಿ ಸ್ಥಾಪಿಸಿದ ನಿಗಮವಿದೆ, ಮೇಲ್ವಿಚಾರಣೆಗೆ ಸುಪ್ರೀಂ ಕೋರ್ಟ್ ನೇಮಿಸಿದ ಪ್ರಾಧಿಕಾರವೂ ಇದೆ. ಆ ಹಣದಲ್ಲಿ ರಸ್ತೆ, ಕಟ್ಟಡಗಳಿಗಿಂತ ಮೊದಲು ಬೆಟ್ಟ ಮತ್ತು ಹಳ್ಳಗಳ ಕೆಲಸವಾಗಬೇಕು. ಗುತ್ತಿಗೆ ರದ್ದಾದ ಗಣಿಗಳಲ್ಲಿ ಎಷ್ಟು ಹೆಕ್ಟೇರ್ ಮತ್ತೆ ಹಸಿರಾಗಿದೆ, ಎಷ್ಟು ಹಳ್ಳಗಳ ಹೂಳು ತೆಗೆಯಲಾಗಿದೆ ಎಂಬ ವಿವರವನ್ನು ನಿಗಮವು ಪ್ರತಿ ವರ್ಷ ಗ್ರಾಮ ಪಂಚಾಯಿತಿವಾರು ಪ್ರಕಟಿಸಲಿ. ಆ ಕೆಲಸ ಮುಗಿದಿದೆಯೆಂದು ಸ್ವತಂತ್ರ ತಜ್ಞರು ದೃಢೀಕರಿಸುವವರೆಗೂ ಸಂಡೂರಿನಲ್ಲಿ ಇದುವರೆಗೆ ಗುದ್ದಲಿ ಬೀಳದ ಯಾವ ಅರಣ್ಯವನ್ನೂ, ದೇವದಾರಿಯನ್ನೂ ಒಳಗೊಂಡಂತೆ, ಹೊಸದಾಗಿ ಗಣಿಗೆ ಕೊಡುವುದಿಲ್ಲವೆಂದು ರಾಜ್ಯ ಸರ್ಕಾರ ಸಚಿವ ಸಂಪುಟದಲ್ಲಿ ತೀರ್ಮಾನಿಸಿ ಆದೇಶ ಹೊರಡಿಸಬೇಕೆಂದು ಒತ್ತಾಯಿಸುತ್ತೇನೆ.

– ಓರ್ವ ಓದುಗ, ಸಂಡೂರು