ವೆಜ್ ಗುರುತಿನ ತಟ್ಟೆಯಲ್ಲಿ ಹಂದಿ ಮಾಂಸ: ನಿಮ್ಮ ಭಾನುವಾರದ ಬ್ರಂಚ್ ಬಗ್ಗೆ ದೂರು

ಮ್ಯಾನೇಜರ್ ಅವರಿಗೆ,

ನಮಸ್ಕಾರ.

ಭಾನುವಾರ ಬೆಳಿಗ್ಗೆ ನಿಮ್ಮ ಹೊಸ ರೆಸ್ಟೋರೆಂಟಿಗೆ ಬ್ರಂಚ್‌ಗೆ ಬಂದಿದ್ದ ಆರು ಜನರ ಕುಟುಂಬ ನಮ್ಮದು. ಹೊರಡುವಾಗ ನೀವು ಬಾಗಿಲವರೆಗೂ ಬಂದು, "ಏನಿದ್ರೂ ಬರೆದು ಕಳಿಸಿ ಮೇಡಂ. ಕನ್ನಡದಲ್ಲೇ ಬರೀರಿ, ಮಾಲೀಕರಿಗೆ ನಾನೇ ಓದಿ ಹೇಳ್ತೀನಿ" ಅಂದಿರಿ. ಅದಕ್ಕೇ ಈ ಪತ್ರ. ಅವರಿಗೆ ಪೂರ್ತಿ ಓದಿ ಹೇಳಿ, ಬೇಜಾರಾಗುತ್ತದೆ ಅಂತ ಏನನ್ನೂ ಬಿಡಬೇಡಿ.

ಮೆನುವಿನಲ್ಲಿ ವೆಜ್ ಅಂತ ಹಸಿರು 'ವಿ' ಗುರುತು ಹಾಕಿದ್ದ ಬೇಕ್ಡ್ ಜೀಟಿಯ (ಕೊಳವೆಯಂಥ ಪಾಸ್ತಾಕ್ಕೆ ಸಾಸ್, ಚೀಸ್ ಹಾಕಿ ಬೇಯಿಸಿದ್ದು) ಸಾಸಿನಲ್ಲಿ ಹಂದಿ ಮಾಂಸ ಇತ್ತು. ಅದನ್ನು ತಿಂದವರು ನನ್ನ ಅತ್ತೆ. ಹುಟ್ಟಿದಾಗಿನಿಂದ ಮಾಂಸ, ಮೊಟ್ಟೆ ಮುಟ್ಟದವರು. ಊರಿಂದ ಮಗನ ಮನೆಗೆ ಬಂದಿದ್ದಾರೆ.

ನಾನು ಸುಮ್ನೆ ಗುರುತು ನೋಡಿ ಆರ್ಡರ್ ಮಾಡಿದ್ದಲ್ಲ. ನ್ಯೂಜೆರ್ಸಿಯಲ್ಲಿ ಇಷ್ಟು ವರ್ಷ ಇದ್ದ ಮೇಲೆ ಇಟಾಲಿಯನ್-ಅಮೆರಿಕನ್ ಅಡುಗೆಯಲ್ಲಿ ಎಲ್ಲಿ ಏನು ಸೇರಿರುತ್ತದೆ ಅಂತ ಗೊತ್ತಾಗಿದೆ. ಸೀಸರ್ ಸಲಾಡಿನ ಡ್ರೆಸಿಂಗ್‌ನಲ್ಲಿ ಆಂಚೊವಿ ಮೀನು ಇರುತ್ತದೆ. ಮಿನೆಸ್ಟ್ರೋನೆ ಸೂಪಿಗೆ ಎಷ್ಟೋ ಕಡೆ ಪ್ಯಾನ್‌ಚೆಟ್ಟಾ, ಅಂದರೆ ಉಪ್ಪು ಹಾಕಿಟ್ಟ ಹಂದಿ ಮಾಂಸ, ಹಾಕುತ್ತಾರೆ. ಬದನೆಕಾಯಿ ಪಾರ್ಮಿಜಾನ್ ಮಾಡುವಾಗ ಹೋಳನ್ನು ಮೊಟ್ಟೆಯಲ್ಲಿ ಅದ್ದಿ ಬ್ರೆಡ್ ಪುಡಿಯಲ್ಲಿ ಹೊರಳಿಸುತ್ತಾರೆ. ತಾಜಾ ಪಾಸ್ತಾದ ಹಿಟ್ಟಿಗೂ ಸಾಮಾನ್ಯವಾಗಿ ಮೊಟ್ಟೆ ಬೀಳುತ್ತದೆ. ಒಣ ಜೀಟಿಯಾದರೆ ಬರೀ ಸೆಮೊಲಿನಾ, ನೀರು. ಅದಕ್ಕೇ ಅತ್ತೆಗೆ ಅದನ್ನು ಆರಿಸಿದೆ. ಒಳಗಿನ ರಿಕೋಟಾ ಚೀಸಿಗೆ ಮೊಟ್ಟೆ ಕಲಸುತ್ತೀರಾ ಅಂತಲೂ ಕೇಳಿದೆ. ಸರ್ವರ್ ಹುಡುಗ ಒಳಗೆ ಹೋಗಿ ಕೇಳಿಕೊಂಡು ಬಂದು, ಇಲ್ಲ ಅಂದ. ಮಾಂಸ, ಮೀನು, ಮೊಟ್ಟೆ ಯಾವುದೂ ಬೇಡ ಅಂತ ಬಿಡಿಸಿ ಹೇಳಿದೆ. "ಅಲರ್ಜಿ ಏನಾದ್ರೂ ಇದೆಯಾ?" ಅಂದ. ಇಲ್ಲ, ನಾವು ತಿನ್ನುವುದಿಲ್ಲ ಅಷ್ಟೇ ಅಂದೆ. ಮೆನುವಿನ 'ವಿ' ಮೇಲೆ ಬೆರಳಿಟ್ಟು ತೋರಿಸಿ ಹೋದ.

ಅತ್ತೆ ಎರಡು ಮೂರು ತುತ್ತು ತಿಂದರು. ಚೆನ್ನಾಗಿದೆ ಅಂತಲೂ ಅಂದರು. ಆಮೇಲೆ ಮೇಲಿನ ಚೀಸ್ ಪದರವನ್ನು ಫೋರ್ಕಿನಲ್ಲಿ ಎತ್ತಿದಾಗ ಅಡಿಯ ಸಾಸಿನಲ್ಲಿ ನಾರುನಾರಾಗಿ ಏನೋ ಕಂಡಿತು. ಒಂದು ಎಳೆ ಫೋರ್ಕಿನ ಹಲ್ಲಿಗೆ ಸಿಕ್ಕಿಕೊಂಡು ಮೇಲೆ ಬಂತು. ಕಂದು ಬಣ್ಣ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ತುದಿಯಲ್ಲಿ ಬೆಳ್ಳಗೆ ಸ್ವಲ್ಪ ಕೊಬ್ಬು. "ಅಣಬೆ ಅಲ್ವೇನಮ್ಮ ಇದು?" ಅಂತ ನನ್ನನ್ನು ಕೇಳಿದರು. ನಾನು ಉತ್ತರ ಕೊಡುವಷ್ಟರಲ್ಲಿ ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಗಿತ್ತು. ಬಾಯಲ್ಲಿದ್ದದ್ದನ್ನು ನ್ಯಾಪ್ಕಿನ್‌ಗೆ ಉಗುಳಿ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು. ಮತ್ತೆ ಅಲ್ಲಿ ಒಂದು ತೊಟ್ಟು ನೀರೂ ಕುಡಿಯಲಿಲ್ಲ. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡರು. ರಾತ್ರಿ ಊಟ ಬೇಡ ಅಂದರು. ಅವತ್ತಿನಿಂದ ಹೊರಗೆ ಎಲ್ಲಿಗೆ ಕರೆದರೂ "ನೀವು ಹೋಗಿ ಬನ್ನಿ" ಅನ್ನುತ್ತಿದ್ದಾರೆ.

ಸರ್ವರ್‌ನನ್ನು ಕರೆದು ತೋರಿಸಿದಾಗ ಅವನು ಅಂದದ್ದು, "ಮಾಂಸದ ಚೂರು ತೆಗೆದುಕೊಡಲಾ?" ಮಾಂಸದ ಸಾರಿನಿಂದ ತುಂಡು ಎತ್ತಿಟ್ಟರೆ ಅದು ತಿಳಿಸಾರು ಆಗುತ್ತದಾ? ಚಿಕ್ಕ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ ಅನ್ನುವುದೇ ನನ್ನ ದೂರು.

ಕಾರಣ ಗೊತ್ತಾದದ್ದು ನಿಮ್ಮಿಂದ. ವಾರದ ದಿನಗಳಲ್ಲಿ ಜೀಟಿಗೆ ಮರಿನಾರಾ ಹಾಕುತ್ತೀರಿ. ಟೊಮೆಟೊ, ಬೆಳ್ಳುಳ್ಳಿ, ತುಳಸಿ ಜಾತಿಯ ಬೇಸಿಲ್, ಆಲಿವ್ ಎಣ್ಣೆ, ಅಷ್ಟೇ. ಭಾನುವಾರ ಮಾತ್ರ ಮಾಲೀಕರ ಅಜ್ಜಿಯ ಕಾಲದ 'ಸಂಡೇ ಗ್ರೇವಿ'. ಹಂದಿಯ ಪಕ್ಕೆಲುಬು, ಸಾಸೇಜ್, ಮೀಟ್‌ಬಾಲ್, ಬ್ರಾಚೋಲೆ ಅನ್ನುವ ಮಾಂಸದ ಸುರುಳಿ ಎಲ್ಲ ಹಾಕಿ ಬೆಳಗಿನಿಂದ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಸುವ ಸಾಸ್. ಅವತ್ತು ಕೆಂಪು ಸಾಸಿನ ಎಲ್ಲ ಅಡುಗೆಗೂ ಅದೇ ಪಾತ್ರೆಯಿಂದ ಸೌಟು ಹಾಕುತ್ತಾರೆ. ಮೆನು ಮಾತ್ರ ವಾರವಿಡೀ ಅದೇ.

ಆ ಸಾಸಿನ ಬಗ್ಗೆ ನನಗೆ ಗೌರವ ಇದೆ. ದಕ್ಷಿಣ ಇಟಲಿಯ ಬಡ ಊರುಗಳಿಂದ ಬಂದವರು, ಅಲ್ಲಿ ಅಪರೂಪವಾಗಿದ್ದ ಮಾಂಸ ಇಲ್ಲಿ ಕೈಗೆಟುಕಿದಾಗ ಭಾನುವಾರದ ಊಟವನ್ನೇ ಹಬ್ಬ ಮಾಡಿಕೊಂಡರು. ಮಾಡಲಿ, ಬಡಿಸಲಿ. ಆದರೆ ಅದರ ಪಕ್ಕದಲ್ಲಿ 'ವಿ' ಹಾಕಬಾರದು.

ಇನ್ನೊಂದು ಮಾತನ್ನು ಮಾಲೀಕರು ಗಮನಿಸಬೇಕು. ನಿಮ್ಮ ಬ್ರಂಚ್ ಮೆನುವಿನ 'ಎಗ್ಸ್ ಇನ್ ಪರ್ಗಟರಿ'ಗೂ ವಿ ಗುರುತಿದೆ. ಟೊಮೆಟೊ ಸಾಸಿನಲ್ಲಿ ಮೊಟ್ಟೆ ಒಡೆದು ಬೇಯಿಸುವ ಅಡುಗೆ ಅದು. ಅದಕ್ಕೂ ಇದೇ ಪಾತ್ರೆಯ ಸಾಸ್ ಅಲ್ವಾ? ಮೊಟ್ಟೆ ತಿಂದರೂ ಮಾಂಸ ಮುಟ್ಟದ ಎಷ್ಟು ಜನ ಅವತ್ತು ಗೊತ್ತಿಲ್ಲದೆ ತಿಂದು ಹೋಗಿರಬಹುದು! ನಮ್ಮ ಭಾರತೀಯ ಅಂಗಡಿಗಳ ಬೀದಿ ಓಕ್ ಟ್ರೀ ರೋಡ್ ನಿಮ್ಮಿಂದ ದೂರವೇನಲ್ಲ. ಈ ಸುತ್ತಿನಲ್ಲಿ ಗುಜರಾತಿ, ತಮಿಳು, ತೆಲುಗು, ಕನ್ನಡದ ಮನೆಗಳು ಎಷ್ಟಿವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಂದಿ ತಿನ್ನದ ಮುಸ್ಲಿಮರು, ಯಹೂದಿಗಳೂ 'ವಿ' ನೋಡಿ ನಂಬಿ ತಿನ್ನುತ್ತಾರೆ.

ಭಾರತದಲ್ಲಿ ಪೊಟ್ಟಣದ ಸಸ್ಯಾಹಾರಿ ತಿಂಡಿಯ ಮೇಲೆ ಹಸಿರು ಚುಕ್ಕೆ ಇರಲೇಬೇಕು ಅಂತ ಕಾನೂನಿದೆ. ಇಲ್ಲಿ ಪ್ಯಾಕೆಟ್ ಆಹಾರದ ಮೇಲೆ 9 ಅಲರ್ಜಿ ಪದಾರ್ಥಗಳ ಹೆಸರು ಹಾಕಬೇಕು. 2023ರಿಂದ ಎಳ್ಳೂ ಸೇರಿದೆ. ಮಾಂಸ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನಿಮ್ಮ ಹುಡುಗ ಅಲರ್ಜಿ ಕೇಳಿದ, ಇಲ್ಲ ಅಂದಾಗ ಅವನ ಕೆಲಸ ಮುಗಿಯಿತು. ಏನು ತಿನ್ನುವುದಿಲ್ಲ ಅಂತ ಹೇಳುವ ಗಿರಾಕಿಯ ಮಾತು ಅಡುಗೆಮನೆಗೆ ತಲುಪುವ ದಾರಿಯೇ ಇಲ್ಲ. ನಮ್ಮಂಥವರಿಗೆ ನೀವು ಹಾಕುವ ಆ ಒಂದು ಅಕ್ಷರವೇ ಗತಿ.

ಬಿಲ್ಲಿನ ವಿಷಯವನ್ನೂ ಹೇಳಬೇಕು. ಜೀಟಿಯ ದುಡ್ಡು ತೆಗೆದಿರಲಿಲ್ಲ. ಆರು ಜನ ಅಂತ 20 ಪರ್ಸೆಂಟ್ ಸರ್ವಿಸ್ ಸೇರಿಸಿದ್ದರು. ಅದರ ಮೇಲೆ ಕಾರ್ಡ್ ಮಷಿನ್ನು ಮತ್ತೆ ಟಿಪ್ ಕೇಳಿತು. ಮೊದಲೇ ಸೇರಿದೆ ಅಂತ ಯಾರೂ ಹೇಳಲಿಲ್ಲ. ಆ ಗಲಿಬಿಲಿಯಲ್ಲಿ ನನ್ನ ಗಂಡ ಎರಡನ್ನೂ ಕೊಟ್ಟರು.

ಒಳ್ಳೆಯದನ್ನೂ ಹೇಳುತ್ತೇನೆ. ಮಕ್ಕಳು ತಿಂದ ಲೆಮನ್ ರಿಕೋಟಾ ಪ್ಯಾನ್‌ಕೇಕ್ ತುಂಬಾ ಚೆನ್ನಾಗಿತ್ತು. ನೀವೇ ಬಂದು ಅತ್ತೆಯ ಮುಂದೆ ಬಗ್ಗಿ "ತಪ್ಪಾಯ್ತು ಅಮ್ಮಾ" ಅಂದದ್ದನ್ನು ನಾವು ಮರೆತಿಲ್ಲ. ಅವರೂ ಮರೆತಿಲ್ಲ.

ಈಗ ನಮಗೆ ಬೇಕಾದದ್ದು. ಜೀಟಿಯ ದುಡ್ಡು, ಎರಡನೇ ಸಲ ಹಿಡಿದ ಟಿಪ್ಪು ಅದೇ ಕಾರ್ಡಿಗೆ ವಾಪಸ್ ಬರಬೇಕು. ಅದಕ್ಕಿಂತ ಮುಖ್ಯವಾಗಿ, ಬರುವ ಭಾನುವಾರದೊಳಗೆ ಬ್ರಂಚ್ ಮೆನುವನ್ನು ಬೇರೆ ಮಾಡಿ, ಗ್ರೇವಿ ಬೀಳುವ ಎಲ್ಲ ಅಡುಗೆಯ ಪಕ್ಕದ 'ವಿ' ತೆಗೆಯಿರಿ. ಇಲ್ಲವೇ ಭಾನುವಾರವೂ ಮರಿನಾರಾಗೆ ಒಂದು ಪಾತ್ರೆ, ಒಂದು ಸೌಟು ಬೇರೆಯಾಗಿ ಇಡಿ. ಒಲೆಯಲ್ಲಿ ಜಾಗ ಜಾಸ್ತಿ ಬೇಕಾಗುವುದಿಲ್ಲ. ಯಾವ ಚೀಸ್ ಅಂತಲೂ ಬರೆಯಿರಿ. ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಪೆಕೊರಿನೊ ರೊಮಾನೊಗೆ ಕುರಿಮರಿಯದು. ನಮ್ಮ ಮನೆಯಲ್ಲಿ ಅಷ್ಟು ನೋಡುವುದಿಲ್ಲ, ನೋಡುವವರು ಬಹಳ ಜನ ಇದ್ದಾರೆ. ಬಡಿಸುವ ಹುಡುಗರಿಗೆ ಅಲರ್ಜಿಯ ಜೊತೆಗೆ "ಏನೇನು ತಿನ್ನುವುದಿಲ್ಲ?" ಅಂತ ಕೇಳಿ ಬರೆದುಕೊಳ್ಳಲು ಹೇಳಿಕೊಡಿ.

ಮಾಲೀಕರಿಂದ ಒಂದು ವಾರದೊಳಗೆ ಬರಹದಲ್ಲಿ ಉತ್ತರ ಬೇಕು. ಬರದಿದ್ದರೆ ಬಿಲ್ಲು, ಮೆನು ಮತ್ತು ಆ ತಟ್ಟೆಯ ಫೋಟೋ ಸಮೇತ ರಾಜ್ಯದ ಗ್ರಾಹಕ ವ್ಯವಹಾರಗಳ ವಿಭಾಗಕ್ಕೆ ದೂರು ಕೊಡುತ್ತೇವೆ. ಬಿಲ್ಲಿನ ಪ್ರತಿ, ಫೋಟೋ ಈ ಪತ್ರದ ಜೊತೆ ಇಟ್ಟಿದ್ದೇನೆ.

ಇಂತಿ,
ಭಾನುವಾರ ಕಿಟಕಿ ಪಕ್ಕದ ದೊಡ್ಡ ಟೇಬಲ್ಲಿನಲ್ಲಿ ಕೂತಿದ್ದ ಕುಟುಂಬದ ಪರವಾಗಿ