ಒಂಬತ್ತನೇ ತರಗತಿ ಪೋಷಕರಿಗೆ: ಮಕ್ಕಳ ಉಪವಾಸದ ಪ್ರಾಜೆಕ್ಟ್ ಬಗ್ಗೆ

ಮಾನ್ಯ ಪೋಷಕರೇ,

ನಮಸ್ಕಾರ. ಈ ತಿಂಗಳು ಒಂಬತ್ತನೇ ತರಗತಿಯ ಮಕ್ಕಳು ಸಮಾಜ ವಿಜ್ಞಾನದಲ್ಲಿ ಒಂದು ಪ್ರಾಜೆಕ್ಟ್ ಮಾಡುತ್ತಾರೆ. ವಿಷಯ, ಬೇರೆ ಬೇರೆ ಧರ್ಮಗಳಲ್ಲಿ ಉಪವಾಸ. ಅವರು ಮನೆಗೆ ಬಂದು ಪ್ರಶ್ನೆ ಕೇಳುವುದು ನಿಮ್ಮನ್ನೇ. ಅದಕ್ಕೆ ಮೊದಲೇ ತಿಳಿಸಿಬಿಡೋಣ ಎಂದು ಈ ಪತ್ರ.

ಶಾಲೆಯಲ್ಲಿ ಧರ್ಮದ ವಿಷಯ ಯಾಕೆ ಎಂದು ಕೆಲವರು ಆಗಲೇ ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ನಮ್ಮದು ಅಂಥದ್ದೇ ಶಾಲೆ. ಆದರೆ ಧರ್ಮಗಳ ಬಗ್ಗೆ ತಿಳಿಸಿಕೊಡುವುದು ಧರ್ಮಬೋಧನೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ನಾವು ಆ ಗೆರೆ ದಾಟುವುದಿಲ್ಲ. ಯಾರು ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಎಂದು ಮಕ್ಕಳು ಕೇಳಿ ಬರೆಯುತ್ತಾರೆ, ಅಷ್ಟೇ. ಯಾವ ಆಚರಣೆಯನ್ನೂ ಶಾಲೆಯಲ್ಲಿ ಮಾಡಿಸುವುದಿಲ್ಲ. ಒಂದು ದಿನ ಉಪವಾಸ ಇದ್ದು ನೋಡು ಎಂದು ಯಾವ ಮಗುವಿಗೂ ಹೇಳುವುದಿಲ್ಲ.

ಉಪವಾಸವನ್ನೇ ಆರಿಸಿದ್ದಕ್ಕೆ ಈ ವರ್ಷದ ಫೆಬ್ರವರಿ ಕಾರಣ. 15ರ ಭಾನುವಾರ ಶಿವರಾತ್ರಿ. 18ಕ್ಕೆ ಕ್ರೈಸ್ತರ ಬೂದಿ ಬುಧವಾರ, ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ದಿನ. ಅದೇ ವಾರ ರಂಜಾನ್ ಕೂಡ ಶುರು. ಬಿಸಿಯೂಟದ ಸಾಲು ಸಣ್ಣದಾಗಿತ್ತು. ಎಲ್ಲರಿಗೂ ಒಟ್ಟಿಗೆ ಹೇಗೆ ಬಂತು ಮೇಡಂ ಎಂದು ಮಕ್ಕಳು ಕೇಳಿದರು. ಉತ್ತರ ಕ್ಯಾಲೆಂಡರಿನಲ್ಲೇ ಇದೆ. ಮೂರೂ ಚಂದ್ರನನ್ನು ನೋಡಿ ಲೆಕ್ಕ ಹಾಕುವ ದಿನಗಳು. ಶಿವರಾತ್ರಿ ಅಮಾವಾಸ್ಯೆಗೆ ಮುಂಚಿನ ಚತುರ್ದಶಿ. ಅಮಾವಾಸ್ಯೆ ಕಳೆದು ಕಾಣುವ ಎಳೆ ಚಂದ್ರನಿಂದ ರಂಜಾನ್. ಬೂದಿ ಬುಧವಾರ ಈಸ್ಟರಿಗಿಂತ 46 ದಿನ ಮೊದಲು. ಈಸ್ಟರ್ ದಿನ ಗೊತ್ತಾಗುವುದು ಮಾರ್ಚ್ 21ರಿಂದ ಮುಂದಿನ ಹುಣ್ಣಿಮೆಯ ಮೇಲೆ. ಆದರೆ ಮುಂದಿನ ವರ್ಷ ಹೀಗೆ ಒಟ್ಟಿಗೆ ಬರುವುದಿಲ್ಲ. ಮೊನ್ನೆ ಅಧಿಕ ಜ್ಯೇಷ್ಠ ಬಂತಲ್ಲ, ಅದರಿಂದ ಶಿವರಾತ್ರಿ ಮಾರ್ಚ್‌ಗೆ ಹೋಗುತ್ತದೆ. ಇಸ್ಲಾಮಿನ ಕ್ಯಾಲೆಂಡರಿನಲ್ಲಿ ಅಧಿಕ ಮಾಸ ಇಲ್ಲ. ಹಾಗಾಗಿ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ, ಸುಮಾರು 33 ವರ್ಷದಲ್ಲಿ ಎಲ್ಲಾ ಕಾಲಗಳನ್ನೂ ಸುತ್ತಿ ಬರುತ್ತದೆ. ಗಣಿತದ ಮೇಷ್ಟ್ರು ಇದರಲ್ಲಿ ತಾವೂ ಒಂದು ಪಾಠ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾರೆ!

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ‘ಎಲ್ಲಾ ಧರ್ಮಗಳೂ ಹೇಳುವುದು ಒಂದೇ’ ಎಂದು ಬರೆದು ಪ್ರಾಜೆಕ್ಟ್ ಮುಗಿಸಿದರೆ ಅಂಕ ಕಡಿಮೆ. ಕೇಳಲು ಚೆನ್ನಾಗಿರುತ್ತದೆ ನಿಜ. ಆದರೆ ಅಷ್ಟು ಬರೆಯಲು ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ನಮ್ಮದೇ ಮೇಲು ಎಂದು ಬರೆಯುವುದೂ ಅಷ್ಟೇ ಸುಲಭ. ಎರಡೂ ಬೇಡ. ವ್ಯತ್ಯಾಸ ಎಲ್ಲಿದೆ ಎಂದು ಹುಡುಕಲಿ.

ನೀರನ್ನೇ ನೋಡಿ. ರಂಜಾನ್‌ನಲ್ಲಿ ಬೆಳಗಿನ ಜಾವದಿಂದ ಸೂರ್ಯ ಮುಳುಗುವ ತನಕ ಹನಿ ನೀರೂ ಇಲ್ಲ. ಏಕಾದಶಿಗೆ ಕೆಲವು ಮನೆಗಳಲ್ಲಿ ನೀರೂ ಮುಟ್ಟುವುದಿಲ್ಲ, ಕೆಲವು ಮನೆಗಳಲ್ಲಿ ಅನ್ನ ಬಿಟ್ಟು ಹಣ್ಣು, ಹಾಲು ನಡೆಯುತ್ತದೆ. ಜೈನರಲ್ಲಿ ಉಪವಾಸದವರು ಕಾಯಿಸಿ ಆರಿಸಿದ ನೀರು ಕುಡಿಯುತ್ತಾರೆ, ಅದೂ ಹಗಲಲ್ಲಿ ಮಾತ್ರ. ಕ್ಯಾಥೋಲಿಕರಿಗೆ ನೀರಿಗೆ ತಡೆಯಿಲ್ಲ. ಬೂದಿ ಬುಧವಾರ ಮತ್ತು ಗುಡ್ ಫ್ರೈಡೆಗೆ ಒಂದು ಪೂರ್ತಿ ಊಟ, ಬೇಕಿದ್ದರೆ ಎರಡು ಸಣ್ಣ ಊಟ. ಮಾಂಸ ಇಲ್ಲ. ಬೌದ್ಧ ಭಿಕ್ಷುಗಳದ್ದು ಬೇರೆಯೇ ಲೆಕ್ಕ. ಮಧ್ಯಾಹ್ನ ಕಳೆದ ಮೇಲೆ ಊಟ ಮಾಡಬಾರದು ಎಂಬುದು ಅವರ ದಿನನಿತ್ಯದ ನಿಯಮ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕ್ಷಮೆಯ ಭಾಗ. ಭಾದ್ರಪದದ ಹೊತ್ತಿಗೆ ಶ್ವೇತಾಂಬರ ಜೈನರಿಗೆ ಎಂಟು ದಿನ ಪರ್ಯೂಷಣ ಎಂಬ ಉಪವಾಸದ ಪರ್ವ. ಮೂಡುಬಿದಿರೆ, ಕಾರ್ಕಳದ ಕಡೆಯ ದಿಗಂಬರರಿಗೆ ಹತ್ತು ದಿನ ದಶಲಕ್ಷಣ ಪರ್ವ. ಅದು ಮುಗಿದಾಗ ಮನೆಯವರು, ನೆಂಟರು, ಜೊತೆ ಕೆಲಸ ಮಾಡುವವರು, ಎಲ್ಲರ ಹತ್ತಿರವೂ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳುತ್ತಾರೆ. ಎಷ್ಟೋ ದೂರದಲ್ಲಿ ಹುಟ್ಟಿದ ಯಹೂದಿ ಧರ್ಮದಲ್ಲೂ ಇಂಥದ್ದೇ ಒಂದು ಪದ್ಧತಿ ಇದೆ. ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತದ ದಿನ ಅವರು ಸುಮಾರು 25 ಗಂಟೆ ಅನ್ನ, ನೀರು ಎರಡೂ ಬಿಡುತ್ತಾರೆ. ಆದರೆ ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪು ಆ ಉಪವಾಸದಿಂದ ಹೋಗುವುದಿಲ್ಲ. ಮೊದಲು ಆ ಮನುಷ್ಯನ ಹತ್ತಿರವೇ ಹೋಗಿ ಸಮಾಧಾನ ಮಾಡಬೇಕು. ಇಷ್ಟು ಹತ್ತಿರ ಇದ್ದರೂ ಒಳಗೆ ಬೇರೆ. ಯಹೂದಿಗಳು ಕೊನೆಗೆ ದೇವರ ಕ್ಷಮೆಗಾಗಿ ಕಾಯುತ್ತಾರೆ. ಜೈನರಲ್ಲಿ ಹಾಗೆ ಕ್ಷಮಿಸುವ ಸೃಷ್ಟಿಕರ್ತ ದೇವರು ಇಲ್ಲ, ಅವರವರ ಕರ್ಮ ಅವರವರೇ ಕಳೆದುಕೊಳ್ಳಬೇಕು. ಮಕ್ಕಳು ಇಲ್ಲಿಯವರೆಗೆ ಬಂದರೆ ನನಗೆ ಸಾಕು.

ಇನ್ನು ಉಪವಾಸಕ್ಕೆ ಮಹತ್ವ ಕೊಡದ ಧರ್ಮಗಳೂ ಇವೆ. ಸಿಖ್ಖರು ಹಸಿದಿರುವುದಕ್ಕಿಂತ ಹಸಿದವರಿಗೆ ಬಡಿಸುವುದನ್ನು ದೊಡ್ಡದೆನ್ನುತ್ತಾರೆ. ಬೀದರ್‌ನ ನಾನಕ್ ಝೀರಾ ಗುರುದ್ವಾರಕ್ಕೆ ಹೋದವರು ಅಲ್ಲಿನ ಲಂಗರ್‌ನಲ್ಲಿ ಊಟ ಮಾಡಿರುತ್ತೀರಿ. ಪಾರ್ಸಿಗಳ ಧರ್ಮವಂತೂ ಉಪವಾಸ ಬೇಡ ಎನ್ನುತ್ತದೆ. ನಿಮ್ಮ ಮನೆಯಲ್ಲಿ ಯಾವ ಆಚರಣೆಯೂ ಇಲ್ಲದಿದ್ದರೆ ಅದನ್ನೇ ಹೇಳಿ. ಮಗು ಅದನ್ನೇ ಬರೆಯಲಿ, ಅದಕ್ಕೂ ಪೂರ್ತಿ ಅಂಕ ಇದೆ.

ಮಗು ನಿಮ್ಮನ್ನು ಕೇಳುವುದು ಮೂರೇ ಪ್ರಶ್ನೆ. ಮನೆಯಲ್ಲಿ ಯಾರಾದರೂ ಉಪವಾಸ ಇರುತ್ತಾರಾ, ಯಾವಾಗ? ಅವತ್ತು ಏನು ಬಿಡುತ್ತಾರೆ, ಏನು ತಿಂದು ಮುಗಿಸುತ್ತಾರೆ? ಯಾರಿಗೆ ವಿನಾಯಿತಿ ಇದೆ? ಈ ಮೂರನೆಯದನ್ನು ಬೇಕೆಂದೇ ಸೇರಿಸಿದ್ದೇವೆ. ಕಾಯಿಲೆಯವರಿಗೆ, ಪ್ರಯಾಣದಲ್ಲಿ ಇರುವವರಿಗೆ, ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ರಂಜಾನ್‌ನಲ್ಲಿ ವಿನಾಯಿತಿ ಇದೆ. ಕ್ಯಾಥೋಲಿಕರಲ್ಲಿ ಉಪವಾಸದ ನಿಯಮ 18 ತುಂಬಿದ ಮೇಲೆಯೇ. ಇದು ಗೊತ್ತಾದರೆ ‘ನೀನ್ಯಾಕೆ ಇವತ್ತು ಉಪವಾಸ ಇಲ್ಲ?’ ಎಂದು ತರಗತಿಯಲ್ಲಿ ಕೆಣಕುವುದು ನಿಲ್ಲುತ್ತದೆ. ಹೆಣ್ಣುಮಕ್ಕಳಿಗೆ ಈ ಪ್ರಶ್ನೆ ಎಷ್ಟು ಮುಜುಗರ ಅಂತ ತಾಯಂದಿರಿಗೆ ಹೇಳಬೇಕಾಗಿಲ್ಲ ಅಲ್ವಾ?

ವೇಷ ಹಾಕಿಸುವ ಕಾರ್ಯಕ್ರಮ ಇಲ್ಲ. ಒಬ್ಬನಿಗೆ ಟೋಪಿ, ಒಬ್ಬಳಿಗೆ ಶಿಲುಬೆ, ಇನ್ನೊಬ್ಬನಿಗೆ ನಾಮ ಹಾಕಿ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರೆ ಮಕ್ಕಳು ಕಲಿಯುವುದು ಏನೂ ಇಲ್ಲ. ಸುಮ್ನೆ ಖರ್ಚು. ಅಂಗಡಿಯಿಂದ ಚಾರ್ಟ್, ಚಿತ್ರ ತರುವುದೂ ಬೇಡ. ನೋಟ್‌ಬುಕ್ಕಿನ ನಾಲ್ಕು ಪುಟ ಸಾಕು. ತಿಂಡಿ ಕಳಿಸುವುದೂ ಬೇಡ. ಒಬ್ಬರಿಗೆ ಆಗುವುದು ಇನ್ನೊಬ್ಬರಿಗೆ ಆಗುವುದಿಲ್ಲ. ಈರುಳ್ಳಿ, ಆಲೂಗಡ್ಡೆ ತಿನ್ನದ ಜೈನ ಮಕ್ಕಳೂ ನಮ್ಮಲ್ಲಿದ್ದಾರೆ.

ಉಪವಾಸ ಇರುವ ದಿನ ಮಗುವಿನ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ. ಪಿಟಿ ಪೀರಿಯಡ್‌ನಲ್ಲಿ ಓಡಿಸುವುದಿಲ್ಲ. ಬಿಸಿಯೂಟದ ಹೊತ್ತಿಗೆ ಲೈಬ್ರರಿ ತೆರೆದಿರುತ್ತದೆ. ತಲೆ ಸುತ್ತಿದರೆ ಮಾತ್ರ ನಾವು ನೀರು ಕೊಡುತ್ತೇವೆ, ನಿಮಗೆ ಫೋನೂ ಮಾಡುತ್ತೇವೆ. ಇದಕ್ಕೆ ಒಪ್ಪಿಗೆ ಇದೆ ಎಂದು ಕೆಳಗಿನ ಚೀಟಿಯಲ್ಲಿ ಸಹಿ ಹಾಕಿ. ಮಗು ಈ ಪ್ರಾಜೆಕ್ಟ್ ಮಾಡುವುದೇ ಬೇಡ ಎನಿಸಿದರೆ ಅದನ್ನೂ ಬರೆದು ಕಳಿಸಿ. ಬದಲಿಗೆ ಚಂದ್ರನ ಕ್ಯಾಲೆಂಡರಿನ ಲೆಕ್ಕವನ್ನೇ ಕೊಡುತ್ತೇವೆ. ಮಾತಾಡಬೇಕು ಎನ್ನುವವರು ಶನಿವಾರ ಶಾಲೆ ಬಿಟ್ಟ ಮೇಲೆ ಬನ್ನಿ. ನಾನು ಆಫೀಸ್ ರೂಮಿನಲ್ಲೇ ಇರುತ್ತೇನೆ.

ಇತಿ ನಿಮ್ಮ,
ಮುಖ್ಯ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ