ಪವರ್ ಕಮ್ಮಿ ಅಂತ ತಂದ ಟ್ರ್ಯಾಕ್ಟರಿಗೆ ಮೂರು ಸಲ ಬಿಲ್ ಮಾಡಿದ್ರಿ, ಟ್ಯಾಂಕ್ ಒಂದ್ಸಲಾನೂ ನೋಡಲಿಲ್ಲ

ಸರ್ವಿಸ್ ಮ್ಯಾನೇಜರ್ ಸಾಹೇಬ್ರಿಗೆ ನಮಸ್ಕಾರ್ರಿ,

ನಾನು ಕಾರಟಗಿ ತಾಲೂಕಿನ ರೈತ. ನನ್ನ 2006ನೇ ಮಾಡೆಲ್ ಮೂರು ಸಿಲಿಂಡರ್ ಟ್ರ್ಯಾಕ್ಟರನ್ನ ಈ ಮುಂಗಾರಿನ್ಯಾಗ ಮೂರು ಸಲ ನಿಮ್ಮ ಗಂಗಾವತಿ ಸರ್ವಿಸ್ ಸೆಂಟರಿಗೆ ತಂದೀನಿ. ಮೂರು ಬಿಲ್ ಸೇರಿ 26,750 ರೂಪಾಯಿ ಕಟ್ಟೀನಿ, ಒಂದೊಂದು ಬಿಲ್ಲಿನ ಫೋಟೋನೂ ಈ ಪತ್ರದ ಜೊತಿ ಹಚ್ಚೀನಿ. ಕೌಂಟರಿನ್ಯಾಗ ನಿಂತು ಬಾಯಿಮಾತಿಲೆ ಹೇಳಿದ್ದು ಯಾರೂ ಬರಕೊಳ್ಳಲಿಲ್ಲ, ಅದಕ್ಕ ಪೂರ್ತಿ ಬರದ ಕಳಸಾಕತ್ತೀನಿ, ದಯವಿಟ್ಟು ಕೊನಿತನಕ ಓದ್ರಿ.

ಮೊದಲ ಸಲ ಬಂದಾಗ ನಾನು ಏನು ಹೇಳಿದ್ದೆ ಅನ್ನೋದು ನನಗ ಇನ್ನೂ ನೆನಪೈತಿ. ಬೆಳಿಗ್ಗೆ ಒಂದ ಸೆಲ್ಫ್ ಸ್ಟಾರ್ಟಿಗೆ ಚಾಲೂ ಆಗತೈತಿ, ಖಾಲಿ ಗಾಡಿ ರೋಡಿನ ಮ್ಯಾಲ ಎಷ್ಟು ಓಡಿಸಿದ್ರೂ ಏನೂ ಇಲ್ಲ, ಕೆಸರು ತುಳಿಯೋ ಕಬ್ಬಿಣದ ಕೇಜ್ ವೀಲ್ ಹಾಕಿ ಗದ್ದಿಗೆ ಇಳಿಸಿದ್ರ 20-25 ನಿಮಿಷ ಚಲೋನ ಎಳಿತೈತಿ, ಆಮ್ಯಾಲ ಯಾರೋ ಕುತಿಗಿ ಹಿಚುಕಿದಂಗ ಎಂಜಿನ್ ಸೌಂಡ್ ಇಳಕೋಂತ ಹೋಗತೈತಿ, ಎಕ್ಸಲೇಟರ್ ಪೂರ್ತಿ ಎಳದ್ರೂ ಏರಂಗಿಲ್ಲ, ಬಂದ್ ಮಾಡಿ ಒಂದು 10 ನಿಮಿಷ ಬದುವಿನ ಮ್ಯಾಲ ಕುಂತು ಮತ್ತ ಚಾಲೂ ಮಾಡಿದ್ರ ಏನೂ ಆಗೇ ಇಲ್ಲ ಅನ್ನಂಗ ಎಳಿತೈತಿ, ಮತ್ತ ಅಷ್ಟೊತ್ತಿಗೆ ಅದ ಹಾಡು. ಟ್ಯಾಂಕ್ ಅರ್ಧಕ್ಕಿಂತ ಕೆಳಗ ಇದ್ರ ಲಗೂನ ಹಿಂಗ ಆಗತೈತಿ ಅಂತಾನೂ ಹೇಳಿದ್ದೆ. ಹೊಗಿ ಕರ್ರಗ ಬರಂಗಿಲ್ಲ, ಉಲ್ಟಾ ಹೊಗೀನ ಕಮ್ಮಿ ಆಗತೈತಿ, ನೀರಿನ ಮುಳ್ಳು ಏರಿಲ್ಲ, ಆಯಿಲ್ ತಿನ್ನಾಕತ್ತಿಲ್ಲ ಅಂತಾನೂ ಹೇಳಿದ್ದೆ. ಇದನ್ನೆಲ್ಲ ಕೇಳಿದ ನಿಮ್ಮ ಹುಡುಗ ಗಾಡಿಯ ದೂರು ಬರಕೊಳ್ಳೋ ಜಾಬ್ ಕಾರ್ಡಿನ್ಯಾಗ ಬರದದ್ದು ಎರಡ ಶಬ್ದ: ಪವರ್ ಕಮ್ಮಿ.

ನನ್ನ ದೂರಿನ ಬುಡ ಇಲ್ಲೇ ಐತ್ರಿ. ಯಾವಾಗ ಕಮ್ಮಿ, ಎಷ್ಟೊತ್ತಿಗೆ ಕಮ್ಮಿ, ಬಂದ್ ಮಾಡಿದ್ರ ಯಾಕ ವಾಪಸ್ ಬರತೈತಿ ಅನ್ನೋದನ್ನ ಬಿಟ್ಟ ಮ್ಯಾಲ ಆ ಕಾರ್ಡ್ ನೋಡಿದ ಮೆಕ್ಯಾನಿಕ್ಕಿಗೆ ಏನು ತಿಳೀಬೇಕು? ಅವ ಎರಡೂ ಡೀಸೆಲ್ ಫಿಲ್ಟರ್ ಚೇಂಜ್ ಮಾಡಿದ, ಪ್ರೈಮರ್ (ಕೈಪಂಪ್) ಹೊಡದು ಡೀಸೆಲ್ ಲೈನಿನ್ಯಾಗ ಸಿಕ್ಕ ಏರ್ ತಗದ, ಅಂಗಳದಾಗ ಎರಡು ರೌಂಡ್ ಹೊಡದು ಓಕೆ ಅಂದ. 2,350 ರೂಪಾಯಿ. ಫಿಲ್ಟರ್ ಹಾಕಿ ಭಾಳ ದಿನ ಆಗಿತ್ತು, ಆ ದುಡ್ಡಿನ ಬಗ್ಗೆ ನನ್ನ ತಕರಾರು ಇಲ್ಲ. ಆದ್ರ ಲೋಡಿನ ಮ್ಯಾಲ 25 ನಿಮಿಷಕ್ಕ ಬರೋ ಫಾಲ್ಟು ಖಾಲಿ ಗಾಡಿಯೊಳಗ 5 ನಿಮಿಷಕ್ಕ ಹೆಂಗ ಕಾಣತೈತ್ರಿ? ಮರುದಿನ ಮುಂಜಾನೆ ಗದ್ದಿಗೆ ಇಳಿಸಿದೆ, ಎರಡು ಮಡಿ ಮುಗಿಯೋದ್ರಾಗ ನಿಂತ್ಕೊಂತು.

ಎರಡನೇ ಸಲ ಟ್ಯಾಂಕಿನಿಂದ ಡೀಸೆಲ್ ಎಳಿಯೋ ಫೀಡ್ ಪಂಪ್ ವೀಕ್ ಐತಿ, ಸಿಲಿಂಡರಿನ್ಯಾಗ ಡೀಸೆಲ್ ಸಿಂಪಡಿಸೋ ನಾಝಲ್ ಮೂರೂ ಹೋಗ್ಯಾವ ಅಂದ್ರಿ. 9,800. ನಾಝಲ್ ಟೆಸ್ಟರಿಗೆ ಹಾಕಿ ಎಷ್ಟು ಪ್ರೆಷರಿಗೆ ಓಪನ್ ಆದ್ವು, ಸ್ಪ್ರೇ ಹೆಂಗಿತ್ತು, ಹನಿ ಬೀಳ್ತಿತ್ತಾ ಇಲ್ಲಾ ಅಂತ ಒಂದು ಚೀಟಿನೂ ಕೊಡಲಿಲ್ಲ, ಹಳೇ ನಾಝಲ್ ಕೇಳಿದ್ರ ಸ್ಕ್ರಾಪಿಗೆ ಹೋದ್ವು ಅಂದ್ರಿ. ಅವು ನನ್ನ ಸಾಮಾನ್ರಿ, ನನ್ನ ಕೇಳದ ಹೆಂಗ ಸ್ಕ್ರಾಪಿಗೆ ಹೋದ್ವು? ಮೂರನೇ ಸಲ ನಾಝಲ್ಲಿಗೆ ಡೀಸೆಲ್ ಒತ್ತೋ ದೊಡ್ಡ ಪಂಪ್ ಇಳಿಸಿ ಕ್ಯಾಲಿಬ್ರೇಷನ್ನಿಗೆ (ಅಳತಿ ಹೊಂದಸಾಕ) ಕಳಿಸಿದ್ರಿ, ಅದರೊಳಗಿನ ಎಲಿಮೆಂಟ್ ಬದಲಾಯಿಸಿದ್ವಿ ಅಂತ 14,600. ಅದಕ್ಕೂ ಟೆಸ್ಟ್ ಬೆಂಚಿನ ರೀಡಿಂಗ್ ಇಲ್ಲ, ಮೊದಲು ಎಷ್ಟು ಡೀಸೆಲ್ ಹೊಡಿತಿತ್ತು ಆಮ್ಯಾಲ ಎಷ್ಟು ಹೊಡಿತು ಅನ್ನೋ ಲೆಕ್ಕ ಬಿಲ್ಲಿನ್ಯಾಗ ಎಲ್ಲೂ ಇಲ್ಲ. ಗಾಡಿ ಮನಿಗೆ ತಂದೆ, ಗದ್ದಿಗೆ ಇಳಿಸಿದೆ, ಅದ 25 ನಿಮಿಷ. ಫೋನ್ ಮಾಡಿದ್ರ ನಿಮ್ಮ ಫೋರ್‌ಮನ್ನು ಹಂಗಾರ ಎಂಜಿನ್ನಿನ ಬೋರ್ (ಪಿಸ್ಟನ್ ಓಡಾಡೋ ಸಿಲಿಂಡರಿನ ಒಳಗೋಡಿ) ಹೋಗೇತಿ, ಹಳೇ ಗಾಡಿ, ಹಾಫ್ ಎಂಜಿನ್ (ಎಂಜಿನ್ ಬಿಚ್ಚಿ ಸವದ ಸಾಮಾನು ಬದಲಾಯಿಸೋ ಕೆಲಸ) ಮಾಡಿಸ್ಬೇಕು, 65,000 ಆಗಬಹುದು ಅಂದ್ರು. ಗಾಡಿ ನೋಡದ, ಫೋನಿನ್ಯಾಗ.

ಆವತ್ತು ನಾನು ಹೌದೇನೋ ಅನಕೊಂಡು ಸೊಸೈಟಿಯೊಳಗ ಸಾಲ ಕೇಳಾಕ ಹೊಂಟಿದ್ದೆ. ನಮ್ಮ ಊರಿನ್ಯಾಗ ಒಬ್ಬ ಹಳೇ ಮಿಸ್ತ್ರಿ ಅದಾರ, ಎಲ್ಲಾರೂ ಚಾಚಾ ಅಂತೀವಿ, ಕಣ್ಣು ಕಾಣಂಗಿಲ್ಲ ಅಂತ ಕೆಲಸ ಬಿಟ್ಟು ನಾಲ್ಕೈದು ವರ್ಷ ಆತು. ದಾರಿಯೊಳಗ ಸಿಕ್ಕ್ರು, ನಿಂತು ನನ್ನ ಪೂರ್ತಿ ಕತಿ ಕೇಳಿದ್ರು, ಒಂದ ಒಂದು ಪ್ರಶ್ನೆ ಕೇಳಿದ್ರು: "ಬಂದ್ ಮಾಡಿ ಕುಂತ್ರ ತಾನಾ ಸರಿ ಆಗತೈತಿ ಅಂದಿ, ಬೋರ್ ಹೋಗಿದ್ರ 10 ನಿಮಿಷದಾಗ ವಾಪಸ್ ಬರತೈತೇನೋ ತಮ್ಮಾ?" ಬೋರ್ ಸವದಿದ್ರ ಬೆಳಿಗ್ಗೆ ಚಾಲೂ ಆಗಾಕ ತ್ರಾಸ ಮಾಡತೈತಿ, ಎಂಜಿನ್ನಿನ ಗಾಳಿ ಹೊರಗ ಬಿಡೋ ಬ್ರೀದರಿನ್ಯಾಗಿಂದ ಹೊಗಿ ಹೊಡಿತೈತಿ, ಆಯಿಲ್ ಇಳಿತೈತಿ. ಏರ್ ಫಿಲ್ಟರ್ ಕಟ್ಟಿದ್ರ ಇಲ್ಲಾ ನಾಝಲ್ ಸೋರಿದ್ರ ಲೋಡಿನ್ಯಾಗ ಕರೆ ಹೊಗಿ ಬರತೈತಿ. ಹೊಗೀನೂ ಕಮ್ಮಿ ಪವರ್‌ನೂ ಕಮ್ಮಿ ಅಂದ್ರ ಎಂಜಿನ್ನಿಗೆ ಹೊಟ್ಟಿಗೆ ಇಲ್ಲ, ಡೀಸೆಲ್ ಬರಾಕತ್ತಿಲ್ಲ, ಅದು ಎಲ್ಲಿ ತಡಿಲಿಕತ್ತೈತಿ ಅಷ್ಟ ಹುಡುಕು ಅಂದ್ರು.

ಮರುದಿನ ಚಾಚಾ ಮಾಡಿದ್ದನ್ನ ನಿಮ್ಮ ಮೆಕ್ಯಾನಿಕ್ಕಿಗೆ ದಯವಿಟ್ಟು ಓದಿ ಹೇಳ್ರಿ. ಮೊದಲು ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ ಗದ್ದಿ ಹೊಡಸಿದ್ರು, ಯಾಕಂದ್ರ ಮುಚ್ಚಳದಾಗಿನ ಗಾಳಿ ತೂತು ಧೂಳಿಗೆ ಕಟ್ಟಿದ್ರ ಒಳಗ ಗಾಳಿ ಹೋಗದ ಡೀಸೆಲ್ ಎಳಿಯಾಕ ಬರಂಗಿಲ್ಲ. ಅದರಿಂದ ಫರಕ್ ಬೀಳಲಿಲ್ಲ. ಆಮ್ಯಾಲ 5 ಲೀಟರಿನ ಕ್ಯಾನ್ ತೊಳದು ಡೀಸೆಲ್ ಹಾಕಿ ಬಾನೆಟ್ಟಿಗಿಂತ ಎತ್ತರಕ್ಕ ಬಿಗಿಯಾಗಿ ಕಟ್ಟಿದ್ರು, ಅದರಿಂದ ಫೀಡ್ ಪಂಪಿಗೆ ಸೀದಾ ಒಂದು ಬಿಳಿ ಪಾರದರ್ಶಕ ಪೈಪ್ ಕೊಟ್ರು, ಟ್ಯಾಂಕಿನ ಲೈನ್ ಬಂದ್. ಪೈಪಿನ್ಯಾಗ ಗುಳ್ಳಿ ಬರತಾವೇನು ಅಂತ ನನ್ನ ಮಗನ್ನ ನೋಡಾಕ ಹಚ್ಚಿದ್ರು, ಬರಲಿಲ್ಲ. ಟ್ರ್ಯಾಕ್ಟರ್ ಒಂದು ತಾಸು ನಿಲ್ಲದ ಕೆಸರು ತುಳೀತು, ನಡುವ ಒಂದ್ಸಲ ಕ್ಯಾನ್ ತುಂಬಿಸಿದ್ದು ಬಿಟ್ರ ಕೈ ಹಚ್ಚಲಿಲ್ಲ. ಅಲ್ಲಿಗೆ ಪಂಪ್, ನಾಝಲ್, ಬೋರ್ ಎಲ್ಲಾ ಚಲೋ ಅದಾವ ಅಂತ ಗೊತ್ತಾತು.

ಆಮ್ಯಾಲ ಟ್ಯಾಂಕಿನ ಪೈಪ್ ಬಿಚ್ಚಿ ಬಕೀಟಿನ್ಯಾಗ ಬಿಟ್ರು. ಮೊದಲು ಬೆರಳು ದಪ್ಪ ಧಾರಿ ಬಂತು, ನೋಡನೋಡತ ಸಣ್ಣಾಗಿ ದಾರದಂಗ ಆತು, ಆಮ್ಯಾಲ ಹನಿ ಹನಿ. ಟ್ಯಾಂಕಿನ ಕಾಕ್ (ನಳದಂಥಾ ತಿರುವು) ಬಂದ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ತಗದ್ರ ಮತ್ತ ಧಾರಿ! ನಾನು ಅಲ್ಲೇ ಕುಕ್ಕರಗಾಲಿಲೆ ಕುಂತುಬಿಟ್ಟೆ ಸಾಹೇಬ್ರ, ನನ್ನ ಟ್ರ್ಯಾಕ್ಟರ್ ತಿಂಗಳಿಂದ ಗದ್ದಿಯೊಳಗ ಮಾಡಿದ್ದನ್ನ ಬಕೀಟಿನ ಮುಂದ ಕುಂತು ಕಣ್ಣಾರೆ ನೋಡಿದಂಗಾತು. ಟ್ಯಾಂಕ್ ಖಾಲಿ ಮಾಡಿ ಕಾಕ್ ಬಿಚ್ಚಿದ್ರ ಜಾಳಗಿಗೆ ಕರೆ ಲೋಳಿ ಹತ್ತಿತ್ತು, ಜೊತಿಗೆ ಹೆಬ್ಬೆರಳಿನ ಉಗುರಿನಷ್ಟು ತೆಳ್ಳನ ಪ್ಲಾಸ್ಟಿಕ್ ತುಂಡು, ಯಾವುದೋ ಕ್ಯಾನಿನ ಮುಚ್ಚಳದ ಸೀಲ್ ಇರಬೇಕು. ಎಂಜಿನ್ ಎಳದಾಗ ಅದು ಹೋಗಿ ತೂತಿಗೆ ಮುಚ್ಚತಿತ್ತು, ಬಂದ್ ಮಾಡಿದ್ರ ಬಿಟ್ಟು ತೇಲತಿತ್ತು. ಟ್ಯಾಂಕಿನ ತಳದಾಗ ನೀರು ನಿಂತ್ರ ಡೀಸೆಲ್ಲಿಗೂ ನೀರಿಗೂ ನಡುವ ಆ ಲೋಳಿ ಬೆಳಿತೈತಿ ಅಂತ ಚಾಚಾ ಹೇಳಿದ್ರು. ತೊಳದು, ಕಾಕ್ ಹಾಕಿ, ಏರ್ ತಗದು ಎಲ್ಲಾ ಸೇರಿ 360 ರೂಪಾಯಿ ಖರ್ಚಾತು, ಅದರಾಗ 60 ಪೈಪಿನದು. ಆವತ್ತಿಂದ ಇವತ್ತಿನತನಕ ಒಂದ್ಸಲಾನೂ ನಿಂತಿಲ್ಲ.

ಆ ತುಂಡು ನಿಮ್ಮಲ್ಲೇ ಬಿತ್ತು ಅಂತ ನಾನು ಹೇಳಾಕತ್ತಿಲ್ಲ, ನನ್ನ ಕ್ಯಾನಿಂದಾನ ಬಿದ್ದಿರಬಹುದು. ನನ್ನ ಪ್ರಶ್ನೆ ಬ್ಯಾರೆ: 14,600ರ ಪಂಪ್ ಇಳಿಸೋಕಿಂತ ಮೊದಲು ಟ್ಯಾಂಕಿನ ಪೈಪ್ ಬಿಚ್ಚಿ ಬಕೀಟಿಗೆ ಬಿಟ್ಟು ನೋಡಾಕ ಎಷ್ಟು ಹೊತ್ತು ಬೇಕಿತ್ತು? ಡೀಸೆಲ್ ಟ್ಯಾಂಕಿನಿಂದ ಹೊಂಡತೈತಿ, ಹುಡುಕೋದೂ ಅಲ್ಲಿಂದಾನ ಶುರು ಆಗಬೇಕು. ನೀವು ದಾರಿಯ ಆ ಕೊನಿಯಿಂದ, ದುಡ್ಡು ಜಾಸ್ತಿ ಇರೋ ಕಡಿಯಿಂದ ಶುರು ಮಾಡಿದ್ರಿ.

ಗದ್ದಿ ಕೆಲಸದಾಗ ದಿನ ಹೋದ್ರ ಏನಾಗತೈತಿ ಅನ್ನೋದು ಗಂಗಾವತಿಯೊಳಗ ಅಂಗಡಿ ಇಟ್ಟ ನಿಮಗ ಗೊತ್ತಿಲ್ಲದ ಏನಿಲ್ಲ. 2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ನಾವೆಲ್ಲ ಉಸಿರು ಹಿಡಕೊಂಡು ಕುಂತಿದ್ವಿ, ಆವತ್ತಿಂದ ಎಡದಂಡಿ ಕಾಲುವಿಗೆ ನೀರು ಬಂತಂದ್ರ ಒಂದು ದಿನಾನೂ ಕಳಿಯಾಕ ಜೀವ ಒಪ್ಪಂಗಿಲ್ಲ. ನಿಮ್ಮಲ್ಲಿ ಮೂರು ಸಲ ಸೇರಿ 11 ದಿನ ಗಾಡಿ ನಿಂತಿತ್ತು. ಸಸಿ ತಿಂಗಳ ದಾಟಿ ಬಲಿತು, ನಾಟಿ ಆಳು ಹೇಳಿದ್ದು ಕೈ ತಪ್ಪಿತು, ನನ್ನ ನಾಲ್ಕು ಎಕರೆ ಗದ್ದೀನ ಬ್ಯಾರೇವರ ಟ್ರ್ಯಾಕ್ಟರಿಗೆ ಬಾಡಿಗಿ ಕೊಟ್ಟು ಹೊಡಸೀನಿ, ಪ್ರತಿ ವರ್ಷ ನನ್ನನ್ನ ಕರಿಯೋ ಐದು ಮಂದಿ ಈ ಸಲ ಬ್ಯಾರೆ ಗಾಡಿ ಹಚ್ಚಿಕೊಂಡ್ರು. ಅವರು ಮುಂದಿನ ವರ್ಷ ನನ್ನ ಕರೀತಾರೋ ಇಲ್ಲೋ.

ನಾನು ಕೇಳೋದು ಇಷ್ಟ. ಎರಡನೇ ಮತ್ತು ಮೂರನೇ ಬಿಲ್ಲಿನ 24,400 ರೂಪಾಯಿ ವಾಪಸ್ ಕೊಡ್ರಿ. ನಾಝಲ್ ಮತ್ತ ಪಂಪ್ ನಿಜವಾಗಿ ಕೆಟ್ಟಿದ್ವು ಅಂತ ನೀವು ಅನ್ನೋದಾದ್ರ ಟೆಸ್ಟ್ ರೀಡಿಂಗ್, ಬದಲಾಯಿಸಿದ ಹಳೇ ಪಾರ್ಟು ಎರಡೂ ತೋರಸ್ರಿ, ಕೆಟ್ಟದ್ದು ಕಣ್ಣಿಗೆ ಕಂಡ್ರ ಅಷ್ಟರ ಮಟ್ಟಿಗೆ ನಾನು ಕೇಳಂಗಿಲ್ಲ. ಮತ್ತ ಜಾಬ್ ಕಾರ್ಡಿನ್ಯಾಗ ಗಿರಾಕಿ ಹೇಳಿದ್ದನ್ನ ಹೇಳಿದಂಗ ಬರೀರಿ. ಇದು ನನ್ನೊಬ್ಬಂದಲ್ಲ, ನಿಮ್ಮ ಅಂಗಳದಾಗ ನಾನು ಕಾಯಕೊಂತ ಕುಂತಾಗ ನನ್ನ ಹಂಗ ಪವರ್ ಕಮ್ಮಿ ಅಂತ ಹಳೇ ಗಾಡಿ ತಂದವರು ಇನ್ನೂ ಇಬ್ಬರಿದ್ರು, ಒಬ್ಬರು ಸಿಂಧನೂರು ಕಡಿಯಿಂದ ಬಂದಿದ್ರು, ಅವರಿಗೂ ಪಂಪಿನ ಎಸ್ಟಿಮೇಟ್ ಕೊಟ್ಟಿದ್ರಿ. ಅವರ ಟ್ಯಾಂಕ್ ಯಾರಾರ ನೋಡಿದ್ರೇನು?

15 ದಿನದಾಗ ಬರವಣಿಗಿಯೊಳಗ ಉತ್ತರ ಬರಲಿಲ್ಲ ಅಂದ್ರ ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಮಾಡಿ ದೂರು ಕೊಡ್ತೀನಿ, ಅದಕ್ಕೂ ಆಗಲಿಲ್ಲ ಅಂದ್ರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗಕ್ಕ ಸೇವಾ ನ್ಯೂನತೆ ಅಂತ ಅರ್ಜಿ ಹಾಕ್ತೀನಿ. ಜಗಳ ಮಾಡೋ ಆಸೆ ನನಗಿಲ್ಲ, ನಿಮ್ಮ ಊರು ನಮ್ಮ ಊರು ದೂರ ಇಲ್ಲ, ನಾಳೆ ಬಿಡಿಭಾಗ ಬೇಕಂದ್ರ ನಾನು ಅಲ್ಲಿಗೇ ಬರಬೇಕು.

ಮುಂದಿನ ಸೋಮವಾರ ನೆಲ್ಲಿನ ಔಷಧಿ ತರಾಕ ಗಂಗಾವತಿಗೆ ಬರೋದೈತಿ. ಆ ಪ್ಲಾಸ್ಟಿಕ್ ತುಂಡು ಒಂದು ಸಣ್ಣ ಡಬ್ಬಿಯೊಳಗ ಇಟ್ಟೀನಿ, ತರ್ತೀನಿ. ನನ್ನ ಹಳೇ ನಾಝಲ್ ಮೂರು ಎಲ್ಲೆ ಅದಾವ ಹುಡುಕಿ ತಗದ ಇಡ್ರಿ.

ಇಂತಿ,
ಕಾರಟಗಿ ತಾಲೂಕಿನ ನಿಮ್ಮ ಗಿರಾಕಿ